ಮಲ್ಲಯ್ಯನ ಹಾದಿಗಿ ಗಂಟು ಕಟ್ಟೋದು

ಶಿವರಾತ್ರಿ ಮುಗೀತು ಅಂದ್ರ ಸಾಕು, ನನಗ ಫೋನ್ ಚಾಲೂ ಆಗ್ತಾವ. ಚಿತ್ತಾಪುರದ ತಂಗಿ ಕೇಳ್ತಾಳ, ವಾಡಿ ಬೀಗರ ಸೊಸಿ ಕೇಳ್ತಾಳ, ಓಣಿಯವರು ಕಟ್ಟಿಗೇ ಬಂದು ಕುಂದುರ್ತಾರ. "ಯಕ್ಕಾ, ಈ ಸಲ ನಾವೂ ಶ್ರೀಶೈಲಕ್ಕ ಗಾಡಿ ಜೋಡಿ ಹೊಂಟೀವಿ, ಏನೇನು ಕಟ್ಟಿಕೋಬೇಕು ಹೇಳು." ಒಬ್ಬೊಬ್ಬರಿಗೆ ಹೇಳಿ ಹೇಳಿ ಗಂಟಲ ಒಣಗ್ಯಾದ. ಅದಕ್ಕ ಈ ಸಲ ಇಲ್ಲೇ ಬರಿಲಕತ್ತೀನಿ. ಓದ್ರಿ, ಓದ್ಲಿಕ್ಕ ಬರಲಾರದ ಅತ್ತಿಗೋಳಿಗೆ ಓದಿ ಹೇಳ್ರಿ.

ಹೊಸದಾಗಿ ನಮ್ಮ ಕಡಿಗಿ ಸೊಸಿಯಾಗಿ ಬಂದವರಿಗೆ ಇದು ಏನಂತ ಮೊದಲ ಹೇಳ್ತೀನಿ. ಉಗಾದಿಗಿ ನಮ್ಮ ಸೀಮಿಯಿಂದ ಮಂದಿ ಶ್ರೀಶೈಲದ ಮಲ್ಲಯ್ಯನ ಕಡಿಗಿ ನಡಕೋತ ಹೋಗ್ತಾರ. ಸೇಡಂ ಬಿಟ್ಟರ ಗುರುಮಠಕಲ್, ನಾರಾಯಣಪೇಟ, ಮಕ್ತಲ್, ಗದ್ವಾಲ, ಆಲಂಪುರ, ಕರ್ನೂಲ, ನಂದಿಕೊಟ್ಕೂರು, ಆತ್ಮಕೂರು. ನಡಕ ಕೃಷ್ಣಾನೂ ದಾಟಬೇಕು, ತುಂಗಭದ್ರಾನೂ ದಾಟಬೇಕು. ಆತ್ಮಕೂರ ಆದ ಮ್ಯಾಲ ವೆಂಕಟಾಪುರ, ಅಲ್ಲಿಂದ ನಲ್ಲಮಲ ಕಾಡು. ನಮ್ಮ ಮನಿಯವರು, ಮೈದುನ, ಅವರ ಗೆಳೆಯಾರು ನಡೀತಾರ. ಹಿಂದ ಮುಂದ ಒಂದು ಪಿಕಪ್ ಗಾಡಿ ಇರ್ತದ, ಅದರಾಗ ಅಡಗಿ ಸಾಮಾನು, ನೀರು, ಹಾಸಿಗಿ, ಮತ್ತ ನಾವು ಹೆಣ್ಮಕ್ಕಳು. ನಾವೂ ಮುಂಜಾನಿ ಒಂದೀಟು, ಸಂಜಿಗಿ ಒಂದೀಟು ನಡೀತೀವಿ. ಮಧ್ಯಾಹ್ನ ಗಾಡಿ ಮುಂದ ಹೋಗಿ ಒಂದು ಗಿಡದ ನೆರಳು ಹಿಡದು ಒಲಿ ಹೂಡ್ತೀವಿ. ರಾತ್ರಿ ಎಲ್ಲಿ ಕತ್ತಲಾಗ್ತದ ಅಲ್ಲೇ ವಸ್ತಿ. ಹೊಲ, ಸಾಲಿ ಅಂಗಳ, ಗುಡಿ ಕಟ್ಟಿ. ಹಿಂಗ ಹತ್ತು ಹನ್ನೊಂದು ದಿನ.

ಇಷ್ಟು ದಿನ ಮನಿ ಬಿಟ್ಟು ಬಯಲಾಗ ಇರೋದು ಅಂದ್ರ ಒಂದು ಸಣ್ಣ ಮನೀನೇ ಗಾಡಿ ಮ್ಯಾಲ ಏರಿಸಬೇಕು. ಆದ್ರ ಏನೇ ಏರಿಸಿದ್ರೂ ಅದನ್ನ ದಿನಾ ಇಳಿಸೋರು, ದಿನಾ ಏರಿಸೋರು ನಾವೇ ಅನ್ನೋದು ನೆನಪಿರಲಿ. ಗಂಡಸರು ನಡದು ದಣದು ಬಂದಿರ್ತಾರ, ಅವರು ಎತ್ತಲ್ಲ.

ಮೊದಲ ಕ್ಯಾಲೆಂಡರ್ ನೋಡ್ರಿ. ಉಗಾದಿ ಎಲ್ಲಾ ವರ್ಷ ಒಂದೇ ಬಿಸಲಿಗಿ ಬರಲ್ಲ. 2024ರಾಗ ಏಪ್ರಿಲ್ 9ಕ್ಕ ಬಂದಿತ್ತು, 2025ರಾಗ ಮಾರ್ಚ್ 30ಕ್ಕ, 2026ರಾಗ ಮಾರ್ಚ್ 19ಕ್ಕ. ಮಾರ್ಚ್ ನಡಕ ಬಂತಂದ್ರ ಬೆಳಗಿನ ಜಾವ ಒಂದು ಚಾದರ ಬೇಕಾಗ್ತದ. ಏಪ್ರಿಲ್ ಹತ್ತಿರಕ್ಕ ಬಂತಂದ್ರ ಹೊಚ್ಚಿಕೊಳ್ಳೋದು ಬ್ಯಾಡ, ಆ ಜಾಗಾದಾಗ ಇನ್ನೆರಡು ನೀರಿನ ಕ್ಯಾನ್ ಇಡ್ರಿ. ನಮ್ಮ ಬಿಸಲು ನಿಮಗ ಹೇಳಬೇಕಾ? ಸೇಡಂ, ಶಹಾಬಾದದಾಗ ಬೆಳದವರಿಗೆ ಬಿಸಲು ಗೊತ್ತದ. ಆದ್ರ ಮನಿ ಫರಸಿ ಮ್ಯಾಲ ಕುಂತು ನೋಡೋ ಬಿಸಲು ಬ್ಯಾರೆ, ಡಾಂಬರ ಮ್ಯಾಲ ನಡಿಯೋ ಬಿಸಲು ಬ್ಯಾರೆ. ಹೊಲ ಎಲ್ಲಾ ರಾಶಿ ಮುಗದು ಬೋಳಾಗಿರ್ತಾವ, ಮೈಲುಗಟ್ಟಲೆ ಒಂದು ಕಂಟಿ ಸಿಗಲ್ಲ.

ಕಂಟಿ ಸಿಗಲ್ಲ ಅನ್ನೋ ಮಾತು ನೆನಪಿಟ್ಟುಕೊಳ್ರಿ, ಆಮ್ಯಾಲ ಹೇಳ್ತೀನಿ.

ಊಟದ ಮಾತು ಬೇಗ ಮುಗಸ್ತೀನಿ, ಯಾಕಂದ್ರ ಅದು ನಿಮಗ ನನಕಿಂತ ಚಲೋ ಬರ್ತದ. ಕಡಕ ರೊಟ್ಟಿ ಲೆಕ್ಕ ಮಾತ್ರ ತಪ್ಪಿಸಬ್ಯಾಡ್ರಿ. ನಾವು 14 ಮಂದಿ ಇದ್ದಾಗ ಒಬ್ಬರಿಗೆ ದಿನಕ್ಕ 6 ಹಿಡದು ಹತ್ತು ದಿನಕ್ಕ 840 ಆತು. ಒಬ್ಬರ ಮನ್ಯಾಗ ಆಗೋ ಕೆಲಸಲ್ಲ. ಓಣಿಯ ಏಳೆಂಟು ಮನಿ ಹಂಚಿಕೊಂಡು ಬಡೀತೀವಿ. ಅರ್ಧ ಜೋಳದ್ದು, ಅರ್ಧ ಎಳ್ಳು ಹಚ್ಚಿದ ಸಜ್ಜಿದು. ಪೂರಾ ಆರಿದ ಮ್ಯಾಲ ಹಳೀ ಧೋತರದಾಗ ಸುತ್ತಿ ಅಗಲ ಬುಟ್ಟ್ಯಾಗ ಇಡಬೇಕು, ಬಿಸಿ ಇದ್ದಾಗ ಕಟ್ಟಿದ್ರ ಬೂಸರ ಹಿಡೀತದ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳ ಹಿಂಡಿ, ಒಂದು ಡಬ್ಬಿ ಉಪ್ಪಿನಕಾಯಿ, ಮಾದಲಿ, ಉಳ್ಳಾಗಡ್ಡಿ ಒಂದು ಚೀಲ. ನಮ್ಮ ತೊಗರಿ ಬ್ಯಾಳಿ ರುಚಿ ಖರೆ, 2019ರಾಗ ಕಲಬುರಗಿ ತೊಗರಿಬ್ಯಾಳಿಗಿ ಜಿಐ ಗುರುತು ಸಿಕ್ಕಾದ ಅಂತ ಹೆಮ್ಮೀನೂ ಅದ. ಆದ್ರ ಹಾದ್ಯಾಗ ಅದು ಗ್ಯಾಸೂ ತಿಂತದ ನೀರೂ ಕುಡೀತದ. ಹೆಸರ ಬ್ಯಾಳಿ ಒಯ್ಯಿರಿ, ಜಲ್ದಿ ಕುದೀತದ. ಚಿಂಚೋಳಿ ಬೀಗರು ಮುತ್ತಲ ಎಲಿ ಪತ್ರೋಳಿ ಕಟ್ಟು ಕಳಿಸ್ತಾರ. ತಾಟು ತೊಳಿಯೋ ನೀರು ಉಳೀತದ, ಒಂದು ಹೊತ್ತಿಗಿ ಏನಿಲ್ಲಂದ್ರೂ ಎರಡು ಬಕೀಟ.

ಒಲಿ ಕೆಳಗ ಇಡ್ಲಿಕ್ಕ ಎರಡು ಸಣ್ಣ ಶಹಾಬಾದ ಫರಸಿ ತುಂಡು ಇಟ್ಟುಕೊಳ್ರಿ. ಮೊದಲ ನಮ್ಮತ್ತಿ ಇದನ್ನ ಮಾಡಿದಾಗ ಎಲ್ಲರೂ ನಕ್ಕಿದ್ರು, ಕಲ್ಲು ಹೊತಗೊಂಡು ದೇವರಿಗಿ ಹೊಂಟಾಳ ಅಂತ. ಉಕ್ಕಿ ಹೊಲದಾಗ ಸ್ಟವ್ ಸಮ ನಿಂದರಲ್ಲ, ಒಣ ಹುಲ್ಲಿಗಿ ಕಿಡಿ ಬೀಳ್ತದ. ಫರಸಿ ಇದ್ರ ಎರಡೂ ಚಿಂತಿ ಇಲ್ಲ. ರೊಟ್ಟಿಗಿ ಹಿಟ್ಟು ನಾದಬೇಕಾದ್ರ ಅದನ್ನೇ ತೊಳದು ಬಳಸ್ತೀವಿ.

ಇನ್ನ ನೀರು.

200 ಲೀಟರಿನ ಒಂದು ಬ್ಯಾರಲ್, 20 ಲೀಟರಿನ ಕ್ಯಾನ್ ಆರು. ಬ್ಯಾರಲ್ ನೀರು ಕೈಕಾಲಿಗಿ, ಅಡಗಿಗಿ. ಕ್ಯಾನಿನ ನೀರು ಬರೇ ಕುಡೀಲಿಕ್ಕ. ಎರಡಕ್ಕೂ ಬ್ಯಾರೆ ಬ್ಯಾರೆ ಚರಗಿ, ಅದಲು ಬದಲು ಮಾಡಂಗಿಲ್ಲ. ಕ್ಯಾನಿನ ಮ್ಯಾಲ ಹಸಿ ಗೋಣಿ ಚೀಲ ಹೊಚ್ಚಿದ್ರ ತಣ್ಣಗಿರ್ತಾವ. ಒಂದು ಮಣ್ಣಿನ ಗಡಗಿ ಹುಲ್ಲಿನ್ಯಾಗ ಕುಂದ್ರಿಸಿ ಒಯ್ಯಿರಿ, ಒಡದ್ರ ಒಡೀಲಿ, ಸಂಜಿಗಿ ಅದರ ನೀರು ಕುಡದಾಗ ಜೀವ ಬರ್ತದ. ಬಿಸಲಾಗ ನಡಿಯೋರಿಗೆ ದಿನಕ್ಕ ನಾಕೈದು ಲೀಟರ್ ನೀರು ಹೊಟ್ಟಿಗಿ ಹೋಗಬೇಕು. ಬರೇ ನೀರಲ್ಲ, ಬೆವರಿನ ಜೋಡಿ ಉಪ್ಪೂ ಹೋಗಿರ್ತದ. ಮಜ್ಜಿಗಿ ಹಾದ್ಯಾಗ ಸಿಕ್ಕರ ಬಿಡಬ್ಯಾಡ್ರಿ. ಸಿಗಲಿಲ್ಲಂದ್ರ ಒಆರ್‌ಎಸ್ ಪುಡಿ. ಅದೂ ಮುಗೀತಂದ್ರ ಒಂದು ಲೀಟರ್ ಚೊಕ್ಕ ನೀರಿಗೆ 6 ಸಣ್ಣ ಚಮಚ ಸಕ್ಕರಿ, ಅರ್ಧ ಸಣ್ಣ ಚಮಚ ಉಪ್ಪು, ಚಮಚ ಮಟ್ಟಸ ಮಾಡಿ ಹಾಕಬೇಕು, ಗುಡ್ಡ ಮಾಡಿ ಅಲ್ಲ. ಉಪ್ಪು ಹೆಚ್ಚಾದ್ರ ಕೆಟ್ಟದು.

ನೀರಿನ ಮಾತು ಎಲ್ಲಾರೂ ಹೇಳ್ತಾರ. ನಾ ಹೇಳಬೇಕಾಗಿದ್ದು ಇದರ ಹಿಂದಿನದು. ಗಾಡಿ ತುಂಬ ನೀರು ಇರ್ತದ, ಹೆಣ್ಮಕ್ಕಳು ಕುಡಿಯಲ್ಲ.

ಯಾಕಂತ ನಿಮಗ ಗೊತ್ತದ. ಕುಡದ್ರ ಒಂದಕ್ಕ ಹೋಗಬೇಕು. ಹೋಗ್ಲಿಕ್ಕ ಮರಿ ಇಲ್ಲ. ಹಿಂದ ಮುಂದ ಗಂಡಸರು ನಡೀಲಕತ್ತಿರ್ತಾರ, ನಮ್ಮವರಷ್ಟೇ ಅಲ್ಲ, ಊರೂರಿನ ಮಂದಿ. ರೋಡಿನ ಮ್ಯಾಲ ಲಾರಿ. ಗಂಡಸರಿಗೆ ಏನು, ಗಾಡಿ ಗಾಲಿ ಇದ್ರೂ ಸಾಕು. ಹೆಣ್ಮಕ್ಕಳು ಮುಂಜಾನಿ ಕತ್ತಲದಾಗ ಹೋದವರು ಸಂಜಿ ಕತ್ತಲಾಗೋತನ ಬಿಗಿ ಹಿಡದು ಕುಂದುರ್ತಾರ. ನೀರಡಿಕಿ ಆದ್ರ ಬಾಯಿ ಮುಕ್ಕಳಿಸಿ ಉಗುಳ್ತಾರ.

ನಮ್ಮ ನೆಗೆಣ್ಣಿ ಹಂಗೇ ಮಾಡಿದಾಕಿ. ಬರೀಲೇನ ಅಂತ ಆಕಿನ್ನ ಕೇಳೀನಿ, ಬರಿ ಯಕ್ಕಾ, ಹೆಸರು ಮಾತ್ರ ಬ್ಯಾಡ ಅಂದಾಳ.

2016ರ ಮಾತು. ಬರಗಾಲದ ವರ್ಷ, ಉಗಾದಿ ಏಪ್ರಿಲ್ 8ಕ್ಕ. ಮಾರ್ಚ್ ಕಡೀವಾರಕ್ಕ ಹೊಂಟೀವಿ, ಆಗಲೇ ಬಿಸಲು ಕೆಂಡ. ಆಕಿ ಹರಕಿ ಹೊತ್ತಿದ್ಲು, ಪೂರಾ ಹಾದಿ ನಡೀತೀನಿ ಅಂತ. ಭ್ರಮರಾಂಬಾ ತಾಯಿ ನಮ್ಮ ಕನ್ನಡದವರ ಮನಿ ಮಗಳು, ಮಲ್ಲಯ್ಯ ಅಳಿಯ, ಅದಕ್ಕೇ ಉಗಾದಿಗಿ ನಾವು ಮಗಳಿಗಿ ಸೀರಿ, ಕುಪ್ಪಸದ ಕಣ, ಹಸರ ಬಳಿ, ಅರಿಶಿಣ ಕುಂಕುಮ ಒಯ್ಯೋದು. ಆಕಿ ಗಂಟಿನ್ಯಾಗ ಎಲ್ಲಕಿಂತ ಮ್ಯಾಲ ಆ ಸೀರಿ ಇತ್ತು. ನಾರಾಯಣಪೇಟದಾಗ ನಿಂತು ತಾನೇ ಆರಿಸಿ ತೊಗೊಂಡಿದ್ಲು, ಹಸರ ಒಡಲು, ಕೆಂಪು ಅಂಚು.

ಎರಡನೇ ದಿನ ತಲಿ ನೋಯ್ತದ ಅಂದ್ಲು. ಮೂರನೇ ದಿನ ಉರಿ ಅಂತ ನನ್ನ ಕಿವ್ಯಾಗ ಹೇಳಿದ್ಲು, ಮಂದಿ ಮುಂದ ಅನಬ್ಯಾಡ ಅಂತ ಆಣಿ ಹಾಕಿಸಿದ್ಲು. ನೀರು ಕುಡಿ ಅಂದ್ರ "ಹೂಂ ಯಕ್ಕಾ" ಅಂತಿದ್ಲು, ಚರಗಿ ಹಂಗೇ ತಿರುಗಿ ಬರ್ತಿತ್ತು. ನಾಕನೇ ದಿನ ಮಕ್ತಲ್ ಇನ್ನ ದೂರ ಇತ್ತು, ಹನ್ನೊಂದು ಗಂಟಿ ಹೊತ್ತಿಗಿ ನಡೀತ ನಡೀತ ರೋಡಿನ ಬಗಲಾಗೇ ಕುಸದ್ಲು. ಮೈ ಕಾದ ಹಂಚು. ಮಾತು ಅಡ್ಡಾತಿಡ್ಡಿ. ಹಸಿ ಸೀರಿ ಹೊಚ್ಚಿ, ಗಾಳಿ ಹಾಕ್ಕೋತ ಗಾಡ್ಯಾಗ ದವಾಖಾನಿಗಿ ಒಯ್ದೀವಿ.

ಡಾಕ್ಟರ್ ಕೇಳಿದ್ರು, ದಿನಕ್ಕ ಎಷ್ಟು ಸಲ ಒಂದಕ್ಕ ಹೋಗ್ತೀರಿ ಅಂತ. ಖೋಲಿ ತುಂಬ ನಮ್ಮ ಗಂಡಸರೇ ನಿಂತಿದ್ರು. ಆಕಿ ಬಾಯಿ ತೆಗೀಲಿಲ್ಲ. ನಮ್ಮ ಮೈದುನನೇ ಅಂದ, "ನೀರು ಬೇಕಾದಂಗ ಕುಡೀತಾಳ್ರಿ, ಗಾಡಿ ತುಂಬ ನೀರದ." ಅಲ್ಲಿದ್ದ ನರ್ಸಬಾಯಿ ಒಂದು ಸಲ ಆಕಿನ್ನ ನೋಡಿದ್ಲು, ಒಂದು ಸಲ ಇವರನ್ನ ನೋಡಿದ್ಲು, ಎಲ್ಲಾರಿಗೂ ಹೊರಗ ನಡೀರಿ ಅಂದ್ಲು. ಬಾಗಲ ಹಾಕಿದ ಮ್ಯಾಲ ನಮ್ಮ ನೆಗೆಣ್ಣಿ ಎರಡು ಬಟ್ಟು ಎತ್ತಿ ತೋರಿಸಿದ್ಲು. ದಿನಕ್ಕ ಎರಡೇ ಸಲ.

ಉರಿ ಮೂತ್ರಪಿಂಡಕ್ಕ ಏರಿತ್ತು. ಕಲಬುರಗಿಗಿ ತಂದು ಆರು ದಿನ ಸಲೈನ್, ಇಂಜೆಕ್ಷನ್. ಉಗಾದಿ ದಿನ ಆಕಿ ದವಾಖಾನಿ ಮಂಚದ ಮ್ಯಾಲ ಇದ್ಲು. ಆಕಿ ಸೀರಿ ನಾ ಒಯ್ದು ತಾಯಿಗಿ ಕೊಟ್ಟು ಬಂದೀನಿ. ಗಂಟಿನ್ಯಾಗಿಂದ ಅದನ್ನ ತೆಗದು ನನ್ನ ಕೈಯಾಗ ಕೊಡೋ ಹೊತ್ತಿಗಿ ಆಕಿ ಅತ್ತಿದ್ದು ಜ್ವರಕ್ಕಲ್ಲ.

ಅವತ್ತಿನಿಂದ ನಮ್ಮ ಗಾಡಿಗಿ ಮೊದಲ ಏರೋದು ರೊಟ್ಟಿ ಬುಟ್ಟಿ ಅಲ್ಲ, ನೀರಿನ ಬ್ಯಾರಲ್ಲೂ ಅಲ್ಲ. ಆರಡಿ ಉದ್ದನ ನಾಕು ಬಿದರ ಕೋಲು, ಹಳೀ ಬಣ್ಣದ ಸೀರಿ ನಾಕು, ಹಗ್ಗ ಒಂದು ಕಟ್ಟು, ಸಣ್ಣ ಸಲಿಕಿ, ಒಂದು ಚೀಲ ಒಲಿ ಬೂದಿ, ಬಕೀಟ, ಚರಗಿ. ಸೀರಿ ಬಿಳೇದಿರಬಾರದು, ತೆಳ್ಳಂದು ಇರಬಾರದು. ಬಿಸಲಿಗಿ ಎದುರು ನಿಂತ್ರ ಒಳಗಿನ ನೆರಳು ಕಾಣಸ್ತದ, ಅದಕ್ಕ ಎರಡು ಸುತ್ತು ಕಟ್ಟಬೇಕು. ಕೋಲಿನ ತುದಿ ಚೂಪ ಮಾಡಿಸಿಕೊಳ್ರಿ, ಒಣ ಕರಿ ಮಣ್ಣು ಕಲ್ಲಿನಂಗ ಇರ್ತದ. ಗಾಡಿ ಎಲ್ಲಿ ನಿಂತ್ರೂ ಒಲಿ ಹೂಡೋಕಿಂತ ಮೊದಲ ಇದನ್ನ ಹೂಡಬೇಕು, ಗಾಳಿ ಬೀಸೋ ಕಡಿಗಿ, ಒಲಿಯಿಂದ ದೂರ. ಒಂದು ಗೇಣು ಕುಣಿ ತೋಡೋದು, ಹೋದ ಮ್ಯಾಲ ಬೂದಿ ಮಣ್ಣು ಎಳಿಯೋದು. ಹೊಲದವರ ಕಡಿಂದನೂ ಬೈಸಿಕೊಳ್ಳೋದಿಲ್ಲ.

ಇನ್ನೊಂದು ಅದ, ನಗಬ್ಯಾಡ್ರಿ. ಹಳೀ ಪ್ಲಾಸ್ಟಿಕ್ ಖುರ್ಚಿ ನಡಕ ದುಂಡಗ ಕೊಯಿಸಿದ್ದು. ಮೊಣಕಾಲು ನೋವಿನವರು ಬಯಲಾಗ ಕುಂತ್ರ ಏಳ್ಲಿಕ್ಕ ಆಗಲ್ಲ, ಏಳ್ಲಿಕ್ಕ ಆಗಲ್ಲ ಅಂತಲೇ ಹೋಗಲ್ಲ, ಹೋಗಲ್ಲ ಅಂತಲೇ ಕುಡಿಯಲ್ಲ. ಮೊದಲ ವರ್ಷ ಖುರ್ಚಿ ಗಾಡಿಗಿ ಏರಿಸೋದು ನೋಡಿ ನಮ್ಮ ಮನಿಯವರು, "ಕಾಡಿನ್ಯಾಗ ಸಭಾ ಮಾಡ್ತೀರೇನು?" ಅಂದ್ರು. ನಾ ತಿರುಗಿಸಿ ತೂತು ತೋರಿಸಿದೆ. ಸುಮ್ಮ ಹೋಗಿ ಹಗ್ಗ ಬಿಗಿದ್ರು. ಎರಡನೇ ವರ್ಷ ಮೈದುನನೇ ನೆನಪು ಮಾಡ್ದ, ಖುರ್ಚಿ ಇಟ್ಟೀರಿಲ್ಲ ಅತ್ತಿಗಿ ಅಂತ. ಅವನಿಗೆ ಆ ದವಾಖಾನಿ ಬಾಗಲ ಮರ್ತಿಲ್ಲ.

ಹೋದ ದೀಪಾವಳಿಗಿ ನಮ್ಮ ತಮ್ಮನ ಮಗ ಪುಣೆಯಿಂದ ಬಂದಿದ್ದ. ಗೆಳೆಯಾರ ಜೋಡಿ ಕಾರು ತೊಗೊಂಡು ಜೈಸಲ್ಮೇರದ ಮರಳುಗಾಡಿಗಿ ಹೋಗಿ ಗುಡಾರ ಹೊಡದು ಇದ್ದು ಬಂದಾನ. ಫೋನಿನ್ಯಾಗ ಪಟ್ಟಿ ತೋರಿಸಿದ, ಭಾಳ ಶಾಣ್ಯಾತನದ ಪಟ್ಟಿ. ಹಗಲು ಸುಡ್ತದ ರಾತ್ರಿ ನಡಗಸ್ತದ ಅಂತ ಎರಡೂ ಥರದ ಅರಿವಿ, ತಲಿಗಿ ಕಟ್ಟೋ ಬ್ಯಾಟರಿ, ಹೆಚ್ಚಿನ ಟಾಯರ್, ಮರಳಿನ್ಯಾಗ ಸಿಕ್ಕರ ಟಾಯರಿನ ಗಾಳಿ ಕಮ್ಮಿ ಮಾಡಿ ಎಳಿಯೋ ಹಗ್ಗ, ಒಬ್ಬರಿಗೆ ಇಷ್ಟು ಲೀಟರ್ ನೀರು ಅಂತ. ನಾ ಕೇಳ್ದೆ, "ನಿಮ್ಮ ಜೋಡಿ ಹುಡುಗೇರು ಇದ್ರೇನೋ?" ಇದ್ರು ಅತ್ತಿ, ಇಬ್ಬರು. "ಅವರು ಎಷ್ಟು ನೀರು ಕುಡದ್ರು?" ಹುಡುಗ ಫೋನ್ ಕೆಳಗಿಟ್ಟು ಬಾಳೊತ್ತು ವಿಚಾರ ಮಾಡ್ದ. "ಗೊತ್ತಿಲ್ಲತ್ತಿ" ಅಂದ. ಸೀರಿ ಕೋಲಿನ ಮಾತು ಹೇಳ್ದೆ. ಫೋಟೊ ಹೊಡಕೊಂಡು ಹೋಗ್ಯಾನ.

ಔಷಧ ಚೀಲ ಬ್ಯಾರೆನೇ ಇರಲಿ, ಸೀಟಿನ ಕೆಳಗ, ಸಾಮಾನಿನ ತಳದಾಗ ಅಲ್ಲ. ಬಿಪಿ, ಶುಗರ್ ಗುಳಗಿ ದಿನದ ಲೆಕ್ಕಕ್ಕಿಂತ ಐದು ದಿನ ಹೆಚ್ಚು ಇಟ್ಟುಕೊಳ್ರಿ. ಗಂಡಂದು, ಮಾವಂದು, ಮಕ್ಕಳದು ಎಲ್ಲಾ ನೆನಪಿಟ್ಟು ಕಟ್ಟಿ ನಮ್ಮ ಗುಳಗಿ ಮಾಡದಾಗೇ ಬಿಟ್ಟು ಬರೋ ಚಟ ನಮಗದ. ಅದಕ್ಕ ನಿಮ್ಮದನ್ನ ಮೊದಲ ಹಾಕ್ರಿ, ಆಮ್ಯಾಲ ಅವರದು. ನಮ್ಮ ನಾದಿನಿ ಇನ್ಸುಲಿನ್ ತೊಗೋತಾಳ. ಅದು ಬಿಸಲಿಗಿ ಕೆಡ್ತದ, ಹಂಗಂತ ಬರ್ಫಿನ್ಯಾಗ ಹುಗದ್ರೂ ಕೆಡ್ತದ. ಸಣ್ಣ ಮಣ್ಣಿನ ಕುಡಕಿ ಇನ್ನೊಂದು ದೊಡ್ಡ ಗಡಿಗ್ಯಾಗ ಇಟ್ಟು, ನಡಕ ಹಸಿ ಉಸಕು ತುಂಬಿ, ಮ್ಯಾಲ ಹಸಿ ಅರಿವಿ ಹೊಚ್ಚಿ ಗಾಡಿ ನೆರಳಾಗ ಇಡ್ತೀವಿ. ಬಾಟ್ಲಿಗಿ ನೀರು ತಗಲಬಾರದಂತ ಡಬ್ಬ್ಯಾಗ ಹಾಕಿರ್ತೀವಿ. ಹೋಗೋಕಿಂತ ಮೊದಲ ಡಾಕ್ಟರಿಗೆ ಕೇಳಿಕೊಳ್ರಿ, ಯಾಕಂದ್ರ ಇಷ್ಟು ನಡದ್ರ ಶುಗರ್ ಇಳೀತದ, ಡೋಸ್ ಬದಲಿ ಮಾಡಬೇಕಾಗ್ತದ. ಶುಗರಿನವರ ಕುಪ್ಪಸದಾಗ ಒಂದು ಬೆಲ್ಲದ ಹಳ್ಳು ಇರಲೇಬೇಕು.

ಕಾಲಿಗಿ ಹೊಸಾ ಚಪ್ಪಲಿ ಬ್ಯಾಡವೇ ಬ್ಯಾಡ, ಆರು ತಿಂಗಳು ಮೆಟ್ಟಿದ್ದೇ ಚಲೋ. ಬರಿಗಾಲ ಹರಕಿ ಇದ್ದವರು ಬೆಳಗಿನ ನಾಕಕ್ಕ ಹೊಂಟು ಹತ್ತಕ್ಕ ನಿಂದರಬೇಕು, ಡಾಂಬರ ಸುಡೋಕಿಂತ ಮೊದಲ. ರಾತ್ರಿ ಹರಳೆಣ್ಣಿ ಹಚ್ಚಿ ಕಾಲು ಒತ್ತಿಕೊಳ್ರಿ. ಗುಳ್ಳಿ ಎದ್ದರ ಒಡೀಬ್ಯಾಡ್ರಿ, ಹತ್ತಿ ಅರಿವಿ ಸುತ್ರಿ. ಹಾಸ್ಲಿಕ್ಕ ತಾಡಪತ್ರಿ ಒಂದು, ಅದರ ಮ್ಯಾಲ ಕೌದಿ. ಮಲಗೋಕಿಂತ ಮೊದಲ ಝಾಡಿಸ್ರಿ, ಮುಂಜಾನಿ ಚಪ್ಪಲಿನೂ ಝಾಡಿಸ್ರಿ, ಚೇಳು ನೆರಳು ಹುಡುಕ್ಕೋತ ಬರ್ತಾವ. ಬ್ಯಾಟರಿ ಮನಿಗಿ ಒಂದಲ್ಲ, ಹೆಣ್ಮಗಳಿಗಿ ಒಂದು. ಮನಿಗಿ ಒಂದಂದ್ರ ಅದು ಗಂಡಸರ ಕೈಯಾಗೇ ಇರ್ತದ.

ಸಣ್ಣ ಹುಡುಗೇರಿಗಿ ಒಂದು ಮಾತು. ತಾರೀಖು ಹಾದ್ಯಾಗ ಬೀಳ್ತದಂತ ಮುಂದ ಹಾಕೋ ಗುಳಗಿ ಅಂಗಡಿಯಿಂದ ತಂದು ನುಂಗಬ್ಯಾಡ್ರಿ, ಎಲ್ಲಾರ ಮೈಗಿ ಅದು ಒಗ್ಗಲ್ಲ, ಡಾಕ್ಟರಿಗೆ ಕೇಳದೇ ತೊಗೊಳ್ಳೋದಲ್ಲ. ಪ್ಯಾಡು, ಹಳೀ ಪೇಪರ್, ಒಂದು ಕಪ್ಪು ಅರಿವಿ ಚೀಲ ಇಟ್ಟುಕೊಳ್ರಿ. ಮುಟ್ಟಾದ್ರ ಗಾಡ್ಯಾಗ ಕುಂದ್ರಿ, ಗುಡಿಗಿ ಹೋಗೋದು ಬಿಡೋದು ನಿಮ್ಮ ನಿಮ್ಮ ಮನಿ ಪದ್ಧತಿ. ಆದ್ರ ಆ ಭಯಕ್ಕ ನೀರು ಬಿಡೋದು, ಊಟ ಬಿಡೋದು ನಡಿಯಲ್ಲ. ಹಿಂಗ ಹೇಳಿದ್ದಕ್ಕ ಯಾರಾದ್ರೂ ಹಿರೇರು ಸಿಟ್ಟಾಗ್ತೀರಂದ್ರ ಆಗ್ರಿ.

ಇಷ್ಟೆಲ್ಲಾ ಗಾಡಿ ಮಾತು. ವೆಂಕಟಾಪುರಕ್ಕ ಬಂದೀವಂದ್ರ ಗಾಡಿ ನಮ್ಮನ್ನ ಬಿಟ್ಟು ಹೋಗ್ತದ. ಅಲ್ಲಿಂದ ಕಾಲ್ದಾರಿ, ನಾಗಲೂಟಿ ವೀರಭದ್ರನ ಗುಡಿ, ಪೆದ್ದ ಚೆರುವು, ಭೀಮನ ಕೊಳ್ಳ, ಕೈಲಾಸ ಬಾಗಿಲು. ಗಾಡಿ ದೋರ್ನಾಳ ಸುತ್ತ ಹಾಕಿ ಘಾಟು ಏರಿ ಶ್ರೀಶೈಲದಾಗ ನಮಗ ಸಿಗ್ತದ. ನಡಕ ನಾವು ಎರಡು ರಾತ್ರಿ ಕಾಡಿನ್ಯಾಗ ಇರ್ತೀವಿ. ಬ್ಯಾರಲ್ ಇಲ್ಲ, ಒಲಿ ಇಲ್ಲ, ಖುರ್ಚೀನೂ ಇಲ್ಲ. ಹೆಗಲ ಮ್ಯಾಲ ಏನದನೋ ಅದೇ ನಿಮ್ಮ ಮನಿ. ಹಾದ್ಯಾಗ ನಮ್ಮ ಕನ್ನಡದವರ ದಾಸೋಹ ಇರ್ತಾವ, ಚೆರುವಿನ ಹತ್ತಿರ ನೀರೂ ಸಿಗ್ತದ. ಆದ್ರ ಎರಡು ದಾಸೋಹದ ನಡಕಿನ ಹಾದಿ ನಿಮ್ಮದೇ.

ಹೆಗಲ ಚೀಲ ಐದು ಕಿಲೋ ದಾಟಬಾರದು. ಅದರಾಗ ಎರಡು ಕಿಲೋ ನೀರೇ, ಒಂದೊಂದು ಲೀಟರಿನ ಎರಡು ಸ್ಟೀಲ್ ಬಾಟ್ಲಿ, ಹಸಿ ಅರಿವಿ ಸುತ್ತಿದ್ದು. ಹುಲಿ ಕಾಡು ಅದು, ನಾಗಾರ್ಜುನಸಾಗರ ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ, ಪ್ಲಾಸ್ಟಿಕ್ ಒಯ್ಯಬಾರದು. ಬೀಡಿ ಬೆಂಕಿಪಟ್ಟಣ ಇದ್ದ ಗಂಡಸರ ಕಿಸೆ ನೀವೇ ತೆಗಸ್ರಿ, ಆ ಹೊತ್ತಿಗಿ ಎಲಿ ಎಲ್ಲಾ ಉದುರಿ ಹಪ್ಪಳದಂಗ ಆಗಿರ್ತಾವ. ರೊಟ್ಟಿ ಹತ್ತು, ಹಿಂಡಿ ಒಂದು ಪುಡಕಿ, ಪುಟಾಣಿ ಬೆಲ್ಲ, ಒಆರ್‌ಎಸ್ ನಾಕು, ಗುಳಗಿ, ಬ್ಯಾಟರಿ, ಉಟ್ಟಿದ್ದು ಬಿಟ್ಟು ಒಂದೇ ಸೀರಿ. ಆ ಸೀರಿ ಗಾಢ ಬಣ್ಣದ್ದು, ದಪ್ಪಂದು ಇರಲಿ. ಯಾಕಂದ್ರ ಕಾಡಿನ್ಯಾಗ ಅದೇ ಮರಿ, ಇಬ್ಬರು ಹಿಡದು ನಿಂತ್ರ ಒಬ್ಬಾಕಿ ಹೋಗಿ ಬರ್ತಾಳ. ಮೂವರು ಹೆಣ್ಮಕ್ಕಳು ಒಂದು ಜೋಡಿ ಅಂತ ಮೊದಲೇ ಮಾತಾಡಿಕೊಳ್ರಿ, ಕಡೀತನ ಬಿಡಬ್ಯಾಡ್ರಿ. ಹಾದಿ ಬಿಟ್ಟು ಒಳಗ ದೂರ ಹೋಗೋದು ಬ್ಯಾಡ.

ಅಲ್ಲಿ ಫೋನಿಗಿ ಸಿಗ್ನಲ್ ಇರಲ್ಲ. ಮನ್ಯಾಗಿನ ಎರಡು ನಂಬರ್ ಕಾಗದದ ಮ್ಯಾಲ ಬರದು ಮುದುಕೇರ ಸೆರಗಿಗಿ, ಹುಡುಗರ ಅಂಗಿಗಿ ಒಳಗಡಿಯಿಂದ ಹೊಲಿದು ಬಿಡ್ರಿ, ಕನ್ನಡದಾಗೂ ತೆಲುಗಿನ್ಯಾಗೂ ಊರ ಹೆಸರಿರಲಿ. ನಮ್ಮ ಸೇಡಂ ಕಡಿಯವರಿಗೆ ತೆಲುಗು ಬರ್ತದ, ಶಹಾಬಾದ ಚಿತ್ತಾಪುರದವರಿಗೆ ಅಷ್ಟಕ್ಕಷ್ಟೇ.

ಭೀಮನ ಕೊಳ್ಳಕ್ಕ ಇಳದು ಏರೋದೇ ಕಡೀ ಪರೀಕ್ಷಾ. ಮಟ್ಟಸ ಮುಂಜಾನಿ ಏರಬೇಕು, ಬಿಸಲು ಹತ್ತೋಕಿಂತ ಮೊದಲ. ಅಲ್ಲಿ ಕಂಬಿ ಹೊತ್ತವರು, ಮರಗಾಲು ಕಟ್ಟಿಕೊಂಡವರು ನಮ್ಮ ಬಗಲಾಗೇ ಏರಿಕೋತ ಹೋಗ್ತಿರ್ತಾರ, ಅವರನ್ನ ನೋಡಿ ಹುರುಪಿಗಿ ಬಿದ್ದು ಓಡಬ್ಯಾಡ್ರಿ. ಹತ್ತು ಮೆಟ್ಟಲಿಗೊಮ್ಮೆ ನಿಂದ್ರಿ, ಎರಡು ಗುಟಕ ಕುಡೀರಿ.

2018ರಾಗ ನಮ್ಮ ನೆಗೆಣ್ಣಿ ತಿರುಗಿ ಬಂದ್ಲು. ಮೈದುನ ಬ್ಯಾಡಂದ, ಮಕ್ಕಳು ಬ್ಯಾಡಂದ್ರು. ಆಕಿ ಒಂದೇ ಮಾತು ಕೇಳಿದ್ಲು ನನಗ, "ಯಕ್ಕಾ, ಕೋಲು ಇಟ್ಟೀದಿ?" ಇಟ್ಟೀನಿ ಅಂದೆ. ಆ ಸಲ ಮಕ್ತಲ್ ದಾಟಿದಾಗ ಗಾಡಿ ನಿಲ್ಲಿಸಂತ ಹೇಳಿ, ಮಟಮಟ ಮಧ್ಯಾಹ್ನ, ಬೋಳು ಹೊಲದಾಗ, ಸೀರಿ ಮರಿಯಾಗ ಹೋಗಿ ಬಂದು, ಇಡೀ ಚರಗಿ ನೀರು ನಿಂತಲ್ಲೇ ಗಟಗಟ ಕುಡದ್ಲು. ಉಗಾದಿ ದಿನ ತಾಯಿಗಿ ಆಕಿನೇ ಕೈಯಾರೆ ಸೀರಿ ಕೊಟ್ಟಾಳ.

ಕೋಲು, ಸೀರಿ, ಸಲಿಕಿ, ಖುರ್ಚಿ ಎಲ್ಲಾ ನಮ್ಮ ಮನಿ ಅಟ್ಟದ ಮ್ಯಾಲ ಅವ. ನಾವು ಹೋಗಲಾರದ ವರ್ಷ ಯಾರಿಗೆ ಬೇಕೋ ಬಂದು ಒಯ್ಯಿರಿ, ಗಾಣಗಾಪುರಕ್ಕ ಹೋಗೋರೂ ಒಯ್ದಾರ. ತೊಳದು ಒಣಗಿಸಿ ತಂದು ಕೊಡಬೇಕು. ಹೋದ ಸಲ ಒಯ್ದವರು ಮೂರೇ ಕೋಲು ತಂದು ಕೊಟ್ಟಾರ, ನಾಕನೇದು ಯಾರ ಮನ್ಯಾಗ ಅವರಿ ಬಳ್ಳಿಗಿ ನಿಂತದನೋ ನೋಡಿಕೊಳ್ರಿ.